ವಾರಿಜಳ ಪ್ರಶಾಂತ ಗದ್ದೆ

೨೧-೧೧-೧೯೭೮, ಮಂಗಳವಾರ. ಪುತ್ತಿಗೆ.

ಒಂದು ಪ್ರಬಂಧಕ್ಕೆ ಅಂಕ ಕೊಡಲು ಆಗುತ್ತಿಲ್ಲ. ಹಳ್ಳಿಯ ಸೊಬಗನ್ನು ಬಣ್ಣಿಸಿ ಎಂದು ಏಳನೇ ತರಗತಿಗೆ ನಾನೇ ಪದಗಳನ್ನು ಕೊಟ್ಟಿದ್ದೆ: ರಮಣೀಯ, ಹಚ್ಚಹಸುರು, ಪ್ರಶಾಂತ. ವಾರಿಜ ಬಳಸಿದ್ದು ಒಂದನ್ನೇ. ಉಳುವವನಿಗೇ ಭೂಮಿ ಎಂಬ ಭೂಮಸೂದೆಯಲ್ಲಿ ನಮ್ಮಿಂದ ಅವಳ ಮನೆಯವರಿಗೆ ಹೋದ ಗದ್ದೆಯ ಬಗ್ಗೆ ಬರೆದಿದ್ದಾಳೆ: “ಅಮ್ಮ ಈಗ ಗದ್ದೆಯ ಅಂಚಿನ ಹುಣಿಯ ಮೇಲೆ ಕೂತು ಎಲೆಯಡಿಕೆ ತಿನ್ನುತ್ತಾರೆ. ಯಾರೂ ಬೈಯುವುದಿಲ್ಲ. ಪ್ರಶಾಂತವಾಗಿ ಉಂಟು.”

ಸಂಜೆ ಕರೆದು ಕೇಳಿದೆ, “ಮೊದಲು ಹಾಗೆ ಇರಲಿಲ್ವಾ?”

“ಇಲ್ಲ ಟೀಚರ್. ನಿಮ್ಮ ತಂದೆ ಚಾವಡಿಯಿಂದ ಬೊಬ್ಬೆ ಹಾಕ್ತಿದ್ರಲ್ಲ.”

ಸಿಟ್ಟು ಬಂತೋ, ನಾಚಿಕೆಯಾಯಿತೋ ತಿಳಿಯಲಿಲ್ಲ. ಎಂಟು ಅಂಕ ಬರೆದೆ, ಹೊಡೆದುಹಾಕಿದೆ.

ಅವಳ ವಯಸ್ಸಿನಲ್ಲಿ ನಾನೂ ಅದೇ ಗದ್ದೆಯನ್ನು ಪ್ರಶಾಂತ ಎಂದೇ ಬರೆದಿದ್ದೆ. ಅದೇ ಚಾವಡಿಯಲ್ಲಿ, ಅಪ್ಪನ ಪಕ್ಕದಲ್ಲೇ ಕೂತು. ವಾರಿಜ ಸುಳ್ಳು ಹೇಳುವವಳಲ್ಲ. ಹಾಗಾದರೆ ಆ ಬೊಬ್ಬೆ ನನಗೆ ಒಂದು ದಿನವೂ ಕೇಳಿಸಲಿಲ್ಲವೇ?