ಹಿಟ್ಟು ನಾದುವ ಕೈ ನನ್ನದಲ್ಲ

ಚಿಕ್ಕವಳೇ,

ನಿನ್ನ ಹಡಗು ದಡಕ್ಕೆ ಬಂದಾಗ ಬಂದರಿನ ಕಚೇರಿಯಲ್ಲಿ ಈ ಕಾಗದ ನಿನಗೆ ಸಿಗುತ್ತದೆ ಎಂದು ನಿನ್ನ ಅತ್ತಿಗೆ ಹೇಳಿದ್ದಾಳೆ. ಮುಂದಿನ ಯಾನಕ್ಕೆ ಒಪ್ಪಿ ಸಹಿ ಹಾಕುವ ಮುಂಚೆ ಇದನ್ನು ಪೂರ್ತಿ ಓದು. ಅರ್ಧ ಓದಿ ಮಡಚಿಡುವ ನಿನ್ನ ಬುದ್ಧಿ ನನಗೆ ಗೊತ್ತು.

ನೀನು ಅತ್ತಿಗೆಗೆ ಕಳಿಸಿದ ಮಾತನ್ನು ಅವಳು ನನಗೆ ಓದಿ ಹೇಳಿದಳು. "ನಾನು ನೋಡೋದು ಅಮ್ಮಂಗೆ ಇಷ್ಟ ಇಲ್ದಿದ್ರೆ ನೇರವಾಗಿ ಹೇಳ್ಲಿ. ಬೇರೆ ಯಾರದೋ ಕೈ ತೋರಿಸಿ ಯಾಕೆ ಆಟ ಆಡಿಸ್ಬೇಕು? ನಾನು ರಜೆಗೆ ಬರಲ್ಲ, ಇನ್ನೊಂದ್ಸಲ ಸಮುದ್ರಕ್ಕೇ ಹೋಗ್ತೀನಿ." ಓದುತ್ತ ಓದುತ್ತ ಅವಳ ದನಿ ಇಳಿಯಿತು. "ಹೋಗ್ಲಿ ಬಿಡು, ಯಾರು ಬೇಡ ಅಂದ್ರು" ಎಂದು ನಾನು ಒಲೆಯ ಕಡೆ ತಿರುಗಿದೆ.

ನೀನು ಚಿಕ್ಕಂದಿನಿಂದಲೂ ಹಾಗೆಯೇ. ನಮ್ಮ ಬೇಕರಿಯ ಕಂಪ್ಯೂಟರಿನಲ್ಲಿ ಬಿಲ್ ಹಾಕು ಎಂದರೆ ಇಂಟರ್ನೆಟ್ಟಿನಲ್ಲಿ ವಿಚಿತ್ರಗಳನ್ನು ಹುಡುಕುತ್ತ ಕೂರುತ್ತಿದ್ದೆ. ಆಲೂಗಡ್ಡೆಯಿಂದ ನಡೆಯುವ ಗಡಿಯಾರ. ಜಗತ್ತಿನ ಬಾಗಿಲುಗಳು ಕಿರ್ರೆನ್ನುವ ಸದ್ದನ್ನೆಲ್ಲ ಕೂಡಿಟ್ಟ ಯಾವನೋ ಪುಣ್ಯಾತ್ಮ. ಗುಂಡಿ ಒತ್ತಿದರೆ ಒಳಗಿಂದ ಒಂದು ಕೈ ಬಂದು ಆ ಗುಂಡಿಯನ್ನೇ ಆರಿಸಿ ಮತ್ತೆ ಒಳಗೆ ಹೋಗುವ ಡಬ್ಬಿ. ಆ ಡಬ್ಬಿಗೆ ಬೇರೆ ಕೆಲಸವೇ ಇರಲಿಲ್ಲ. "ನಿಮ್ಮಪ್ಪನ ಹಾಗೇ ಇದೆ. ಎಬ್ಬಿಸಿದ್ರೆ ಏಳುತ್ತೆ, ಎದ್ದು ಮತ್ತೆ ಮಲಗುತ್ತೆ" ಎಂದಿದ್ದೆ. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ನಿಮ್ಮಪ್ಪ ಕಣ್ಣು ಬಿಡದೆಯೇ "ಡಬ್ಬಿಗೆ ನಿನ್ನಂಥ ಹೆಂಡ್ತಿ ಇಲ್ವಲ್ಲ, ಅದೇ ಅದರ ಅದೃಷ್ಟ" ಎಂದರು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನಗೂ ನಗು ಬಂದಿತ್ತು. ತೋರಿಸಲಿಲ್ಲ. ಕೆಲಸದ ಹೊತ್ತಿನಲ್ಲಿ ಯಜಮಾನಿ ನಕ್ಕರೆ ಒಲೆ ಆರುತ್ತದೆ ಎಂದು ನಂಬಿದವಳು ನಾನು.

ಹಿಟ್ಟಿನ ತೊಟ್ಟಿಯ ಮೇಲೆ ಕ್ಯಾಮೆರಾ ಕಟ್ಟಿದ್ದೂ ನಿನ್ನ ಸೋಮಾರಿತನದಿಂದಲೇ. ಹಿಟ್ಟು ಉಬ್ಬಿತೇ ಎಂದು ನೋಡಲು ಮಹಡಿಯಿಂದ ಇಳಿದು ಬರಬೇಕಲ್ಲ ಎಂದು ನಿನಗೆ ಸಂಕಟ. ಅದನ್ನು ಇಂಟರ್ನೆಟ್ಟಿಗೆ ಜೋಡಿಸಿ, ಪಾಸ್‌ವರ್ಡಿನ ಬೀಗ ಹಾಕುವುದನ್ನೂ ಮರೆತೆ. ಯಾವ ಯಾವ ದೇಶದವರೋ ಅದನ್ನು ಕಂಡುಹಿಡಿದು ನಮ್ಮ ಹಿಟ್ಟು ಉಬ್ಬುವುದನ್ನು ನೋಡತೊಡಗಿದರು. ಅವರಿಗೆಲ್ಲ ಮನೆ ಮಠ ಇಲ್ಲವೇ ಎಂದು ನಾನು ಬೈದೆ. ಅವರು ಬರೆದದ್ದನ್ನು ನೀನು ನಮ್ಮ ಭಾಷೆಗೆ ತಿರುಗಿಸಿ ಓದುತ್ತಿದ್ದೆ. "ಇವತ್ತು ಹಿಟ್ಟು ಸ್ವಲ್ಪ ಮಂಕಾಗಿದೆ, ಹುಷಾರಿಲ್ವಾ?" ಎಂದು ಒಬ್ಬ ಕೇಳಿದ್ದ. ನಿನ್ನ ಅಣ್ಣ ಹಿಟ್ಟಿಗೆ ಬಟ್ಟೆ ಮುಚ್ಚಿದ ದಿನ ಅವರಲ್ಲಿ ಜಗಳವೇ ಎದ್ದಿತ್ತು, ತೆರೆ ಎಳೆದುಬಿಟ್ಟರು ಎಂದು. ಅವರಿಗೆ ಕಾಣುತ್ತಿದ್ದದ್ದು ಹಿಟ್ಟು ಮತ್ತು ಮೊಣಕೈವರೆಗಿನ ನಾನು. ಅದಕ್ಕೆ ಅವರು ನನಗೆ ಇಟ್ಟ ಹೆಸರು ಸಿಟ್ಟಿನ ಕೈ. ನಾದಿ ಮುಗಿದ ಮೇಲೆ ಹಿಟ್ಟಿನ ಬೆನ್ನಿಗೆ ಎರಡು ಏಟು ಕೊಡುತ್ತೇನಲ್ಲ, ಅದಕ್ಕೇ ಕಾದು ಕೂರುತ್ತಿದ್ದರಂತೆ. "ಅಮ್ಮಾ, ನೀನೀಗ ದೊಡ್ಡ ಕಲಾವಿದೆ" ಎಂದು ನೀನು ರೇಗಿಸಿದೆ. "ಕಲಾವಿದೆ ಅಂತೆ! ಹೋಗಿ ತಟ್ಟೆ ಒರೆಸು" ಎಂದೆ.

ಆಮೇಲೆ ನಿನಗೆ ಹಡಗಿನ ಕೆಲಸ ಬಂತು. ಇಂಟರ್ನೆಟ್ ಗಾಳಿಯಲ್ಲಿ ಬರುತ್ತದೆ ಎಂದುಕೊಂಡಿದ್ದೆ ನಾನು. ಅದು ಸಮುದ್ರದ ತಳದಲ್ಲಿ ಮಲಗಿದ ತಂತಿಯಲ್ಲಿ ಬರುತ್ತದೆ, ತಂತಿ ಹರಿದರೆ ಎತ್ತಿ ಬೆಸೆಯಲು ಹಡಗು ಬೇಕು, ಆ ಹಡಗಿನಲ್ಲಿ ನನ್ನ ಮಗಳು ಇರುತ್ತಾಳೆ. ಇಷ್ಟು ವಿಚಿತ್ರವನ್ನು ನೀನು ಯಾವತ್ತೂ ತೋರಿಸಿರಲಿಲ್ಲ. ಎದೆ ಉಬ್ಬಿತ್ತು ಕಣೇ. ಬಾಯಿಗೆ ಬಂದದ್ದು "ಸ್ವೆಟರ್ ಇಟ್ಕೊಂಡ್ಯಾ?" ಎನ್ನುವುದಷ್ಟೇ. ಆ ಹಿಟ್ಟಿನ ಬೆನ್ನು ತಟ್ಟಿದ ಕೈ ಅವತ್ತು ನಿನ್ನ ಬೆನ್ನು ತಟ್ಟಲಿಲ್ಲ. ತಟ್ಟಬಹುದಿತ್ತು. ನೀನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೇ ಇದ್ದೆ.

ಹಡಗಿನಿಂದ ನೀನು ದಿನವೂ ತೊಟ್ಟಿ ನೋಡುತ್ತೀಯ ಎಂದು ಅತ್ತಿಗೆ ಹೇಳಿದಳು. ಫೋನಿನಲ್ಲಿ ನಿನಗೂ ನನಗೂ ಮಾತು ಓಡುವುದಿಲ್ಲ. ಊಟ ಆಯ್ತಾ, ಆಯ್ತು, ಇಡ್ಲಾ, ಇಡು. ಆದರೆ ತೊಟ್ಟಿಯ ಮುಂದೆ ನಿಂತಾಗ ನೀನು ಮೇಲಿಂದ ಬಗ್ಗಿ ನೋಡುತ್ತಿದ್ದೀಯ ಎನ್ನಿಸುತ್ತಿತ್ತು. ಆಗಲೇ ಹದಕ್ಕೆ ಬಂದ ಹಿಟ್ಟನ್ನು ಇನ್ನೊಂದಿಷ್ಟು ನಾದುತ್ತಿದ್ದೆ. "ಇನ್ನು ನಾದಿದ್ರೆ ಬ್ರೆಡ್ ಅಲ್ಲ, ಚಪ್ಪಲಿ ಆಗುತ್ತೆ ಅಮ್ಮ" ಎಂದು ನಿನ್ನ ಅಣ್ಣ ಗೊಣಗುತ್ತಿದ್ದ. ಗೊಣಗಲಿ ಎಂದು ಬಿಟ್ಟೆ.

ಈಗ ನನ್ನ ಕೈ ನಡುಗುತ್ತದೆ. ಮೊದಲು ಬಲಗೈ, ಈಗ ಎರಡೂ. ನರದ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ನಡುಕ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ, ನಾದುವುದು ಬಿಡಿ ಎಂದಿದ್ದಾರೆ. ಮನೆಯವರೆಲ್ಲ ನಿನಗೆ ಹೇಳೋಣ ಎಂದರು. ನಾನು ಆಣೆ ಹಾಕಿಸಿದೆ. ನಡುಸಮುದ್ರದಲ್ಲಿ ಇರುವವಳಿಗೆ ಯಾಕೆ ಎಂದು ಬಾಯಲ್ಲಿ ಹೇಳಿದೆ. ನಡುಗುವ ಕೈಯನ್ನು ಊರೆಲ್ಲ ನೋಡುವುದು ಬೇಡ ಎಂಬುದು ಮನಸ್ಸಿನಲ್ಲಿದ್ದದ್ದು. ನಿನ್ನ ಅತ್ತಿಗೆಗೆ ನನ್ನ ಉದ್ದ ತೋಳಿನ ನೀಲಿ ಅಂಗಿ ತೊಡಿಸಿ, ನನ್ನ ಉಂಗುರ ಹಾಕಿಸಿ, ಕ್ಯಾಮೆರಾದ ಕೆಳಗೆ ನಿಲ್ಲಿಸಿದೆ. ಕೊನೆಗೆ ಎರಡು ಏಟು ಕೊಡುವುದನ್ನೂ ಕಲಿಸಿದೆ. ಪಾಪ, ಅವಳು ಮಗುವಿಗೆ ತೇಗು ಬರಿಸುವ ಹಾಗೆ ತಟ್ಟುತ್ತಾಳೆ.

ಆ ನೋಡುವವರು ಬಿಟ್ಟಾರೆಯೇ? ಮೊದಲನೆಯ ದಿನವೇ ಹಿಡಿದುಬಿಟ್ಟರು. "ಈ ಕೈ ಹಿಟ್ಟಿನ ಅಪ್ಪಣೆ ಕೇಳುತ್ತೆ. ಆ ಕೈ ಅಪ್ಪಣೆ ಕೊಡ್ತಿತ್ತು. ಸಿಟ್ಟಿನ ಕೈ ಎಲ್ಲಿ?" ಎಂದು ಒಬ್ಬಳು ಬರೆದಳಂತೆ. ಮುಖ ನೋಡದ ಪರದೇಶದವಳಿಗೇ ಗೊತ್ತಾದದ್ದು ಹೆತ್ತ ಮಗಳಿಗೆ ಗೊತ್ತಾಗದೇ ಇರುತ್ತದೆಯೇ? ನೀನೂ ಕೇಳಿದೆ, ಯಾರದು ಆ ಕೈ ಎಂದು. "ನನ್ನದೇ. ನೀನು ಕಣ್ಣು ಪರೀಕ್ಷೆ ಮಾಡಿಸ್ಕೋ" ಎಂದು ಗದರಿಸಿದೆ. ನಿನ್ನನ್ನು ದೂರವಿಡಲೆಂದೇ ಹಾಗೆ ಮಾಡಿದೆನೆಂದು ನೀನು ತಿಳಿದರೆ ತಪ್ಪು ನಿನ್ನದಲ್ಲ. ನಾನು ನಿನಗೆ ಬೇರೆ ಏನನ್ನು ತಾನೇ ತಿಳಿಸಿದ್ದೆ?

ನನಗೆ ಕಾಯಿಲೆ ಎಂದು ಕೆಲಸ ಬಿಟ್ಟು ಓಡಿ ಬರಬೇಡ. ಹಾಗೆ ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತೇನೆ. ರಜೆ ನಿನ್ನ ಹಕ್ಕು, ಆ ರಜೆಗೆ ಬಾ. ಇಷ್ಟು ವರ್ಷ ಕೈಯಿಂದಲೇ ಆಡುತ್ತಿದ್ದ ಮಾತನ್ನು ಇನ್ನು ಬಾಯಿಂದ ಆಡಬೇಕು. ಅಭ್ಯಾಸವಿಲ್ಲದ ಕೆಲಸ. ಮೊದಮೊದಲು ಬೈಗುಳವೇ ಬರಬಹುದು, ಸ್ವಲ್ಪ ತಾಳಿಕೋ.

ನಾನು ಹೇಳುತ್ತಾ ಹೋದರೆ ಈ ಕಾಗದವನ್ನು ತಾನೇ ಚೆನ್ನಾಗಿ ಬರೆದುಕೊಡುತ್ತೇನೆ ಎಂದು ನಿನ್ನ ಅತ್ತಿಗೆ ಅಂದಳು. ಬೇಡ ಎಂದೆ. ದಿನಕ್ಕೆ ನಾಲ್ಕಾರು ಸಾಲಿನಂತೆ ನಾನೇ ಬರೆದಿದ್ದೇನೆ. ಎಷ್ಟು ಅಕ್ಷರ ಸೊಟ್ಟಗಾಗಿದೆ, ಎಲ್ಲಿ ಪೆನ್ನು ಜಾರಿದೆ, ಎಲ್ಲವನ್ನೂ ನೋಡು. ಯಾರದು ಆ ಕೈ ಎಂದು ಕೇಳಿದೆಯಲ್ಲ, ಇದು ನನ್ನದು.

ಸಮುದ್ರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ, ನೀನು ಬೆಸೆದ ತಂತಿ ಎಂದೂ ಹರಿಯದಿರಲಿ, ನೂರು ಕಾಲ ಬಾಳು.

ನಿನ್ನ ದಾರಿ ಕಾಯುವ
ಅಮ್ಮ