ಪುಕ್ಕಟೆ ಹಗ್ಗ

ಮಾರ್ಚ್ ೧೪, ಮಂಗಳವಾರ

ಆ ಹಗ್ಗ ಇನ್ನೂ ತಲೆಯಿಂದ ಇಳಿದಿಲ್ಲ.

ತಂಪು ಪಾನೀಯದ ಕಾರ್ಖಾನೆ ಬಂದ ಮೇಲೆ ಬಾವಿಯ ನೀರು ತಳ ಸೇರುತ್ತಿದೆ ಎಂದು ನಮ್ಮ ಬೀದಿಯವರ ದೂರು. ನಾಳೆ ಅದಕ್ಕೇ ಸಭೆ. ಬೆಳಿಗ್ಗೆ ಕಂಪನಿಯ ಅಧಿಕಾರಿ ನನ್ನ ಅಂಗಡಿಗೇ ಬಂದರು.

"ನಿಮ್ಮ ಮಾತು ಅಂದ್ರೆ ಜನ ಕೇಳ್ತಾರೆ ಯಜಮಾನ್ರೇ. ನೀರಿಗೇನೂ ಆಗಲ್ಲ ಅಂತ ಹೇಳಿಬಿಡಿ, ಏಜೆನ್ಸಿ ನಿಮ್ಮದೇ."

ಸೈಕಲ್ಲಿನ ಮೇಲೆ ಸೋಡಾ ಮಾರಿ ಮೇಲೆ ಬಂದವನು ನಾನು. ಬಾಯಿಯೇ ಬಂಡವಾಳ. ಹೂಂ ಅಂದೆ. ಹೋಗುವಾಗ ಬೀದಿಯ ಬಾವಿಗೆಂದು ಹೊಸ ನೈಲಾನ್ ಹಗ್ಗ ಕೊಟ್ಟರು. ಉಡುಗೊರೆಯಂತೆ.

ಸಂಜೆ ಹೆಂಡತಿ ಅದನ್ನು ಹಳೆಯ ಹಗ್ಗದ ಪಕ್ಕ ಹಾಸಿ ನೋಡಿದಳು.

"ರೀ, ಇದು ಹಳೇದಕ್ಕಿಂತ ಎರಡು ಮಾರು ಜಾಸ್ತಿ ಉದ್ದ ಇದೆ."

"ಪುಕ್ಕಟೆ ಅಲ್ವೇನೇ, ಧಾರಾಳವಾಗಿ ಕೊಟ್ಟಿದಾರೆ."

"ಬಾಟಲಿಗೆ ಒಂದು ಹನಿ ಜಾಸ್ತಿ ತುಂಬದೋರು ಹಗ್ಗಕ್ಕೆ ಧಾರಾಳಾನಾ? ನೀರು ಹಳೇದಕ್ಕೇ ಇನ್ನೂ ಸಿಗ್ತಿದೆ. ಈ ಎರಡು ಮಾರು ಯಾವತ್ತಿಗೆ?"

ನಕ್ಕು ತೇಲಿಸಿದೆ. ಆಮೇಲೆ ಬಾವಿಗೆ ಹೋಗಿ ನಾನೇ ಇಣುಕಿದೆ. ನೀರಿಗೇನೂ ಆಗುವುದಿಲ್ಲ ಎನ್ನುವವರು ನಮ್ಮ ಬಾವಿಯ ಆಳ ಅಳೆದದ್ದು ಯಾವಾಗ? ನೀರು ಎಲ್ಲಿಗೆ ಇಳಿಯುತ್ತದೆಂದು ಅವರಿಗೆ ಮೊದಲೇ ಹೇಳಿದ್ದು ಯಾರು?

ಈಗ ನೋಡಿದರೆ, ನಾಳೆಗೆಂದು ತೆಗೆದಿಟ್ಟ ಅಂಗಿಯ ಮೇಲೆ ಎರಡೂ ಹಗ್ಗ ಸುತ್ತಿಟ್ಟಿದ್ದಾಳೆ, ಬಾಯಿ ಬಿಡದೆ. ಹೊತ್ತುಕೊಂಡು ಹೋದರೆ ಸಭೆಯಲ್ಲಿ ನಾನೂ ಬಾಯಿ ಬಿಡಬೇಕಿಲ್ಲ, ಪಕ್ಕಪಕ್ಕ ಹಾಸಿದರೆ ಸಾಕು. ಏಜೆನ್ಸಿ ಹೋಗುತ್ತದೆ. ಹೋಗಲಿ ಎಂದು ಬರೆಯಲು ಕೈ ಮಾತ್ರ ಇನ್ನೂ ಬರುತ್ತಿಲ್ಲ.