ಕ್ಯಾಂಡಿಯಲ್ಲಿ ನಿಮಗಾಗಿ ಎದ್ದು ನಿಂತರು

ಅಪ್ಪ,

ಶ್ರೀಲಂಕಾ ಪ್ರವಾಸದ ನಡುವೆ ನಿನ್ನೆ ಕ್ಯಾಂಡಿಯ ಒಂದು ಸೇವಾ ಕ್ಲಬ್ಬಿಗೆ ಹೋಗಿದ್ದೆ. ನಮ್ಮ ಬೆಳ್ತಂಗಡಿ ಕ್ಲಬ್ಬಿನ ಧ್ವಜ ಕೊಟ್ಟು ಅವರದ್ದನ್ನು ತೆಗೆದುಕೊಂಡೆ. ಅವರದ್ದು ನೇತ್ರದಾನದ ಕೆಲಸ. ಅಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಮೊದಲು ಕ್ಲಬ್ಬಿಗೆ ಫೋನ್ ಮಾಡುತ್ತಾರಂತೆ, ನೆಂಟರಿಗೆ ಆಮೇಲೆ.

ನಾನು ಸುಮ್ಮನಿರಬೇಕಿತ್ತು. ಉಜಿರೆಯಲ್ಲಿ ನಾನೇ ನಡೆಸಿದ ನೇತ್ರದಾನ ಶಿಬಿರದ ಬಗ್ಗೆ ಹೇಳಿದೆ. ಮೊದಲ ಫಾರ್ಮಿಗೆ ನೀವು ಸಹಿ ಹಾಕಿದ್ದನ್ನೂ ಹೇಳಿದೆ.

ನೀವು ಹೋದ ದಿನ ಸರಸತ್ತೆ ನಿಮ್ಮ ತಲೆಯ ಹತ್ತಿರ ಕೂತು, "ನನ್ನ ಅಣ್ಣನನ್ನು ಕುರುಡು ಮಾಡಿ ಕಳಿಸುದಾ ಮಾರಾಯ್ತಿ?" ಎಂದು ಅತ್ತದ್ದನ್ನು ಹೇಳಲಿಲ್ಲ. ಜೀವ ಹೋದ ಆರು ಗಂಟೆಯೊಳಗೆ ಆಸ್ಪತ್ರೆಗೆ ತಿಳಿಸಬೇಕೆಂದು ಊರಿಗೆಲ್ಲ ನಂಬರು ಹಂಚಿದವಳು ನಾನು. ಆ ದಿನ ನಾನೇ ಆ ನಂಬರು ಒತ್ತಲಿಲ್ಲ. ನಾಲ್ಕು ತಾಸು ಕಳೆಯುವುದರೊಳಗೆ ನಿಮ್ಮ ಚಿತೆ ಉರಿಯುತ್ತಿತ್ತು.

"ನಿಮ್ಮ ತಂದೆಯವರ ಕಣ್ಣು ಎಷ್ಟು ಜನರಿಗೆ ಸಿಕ್ಕಿತು?" ಎಂದು ಅಲ್ಲಿಯ ಅಧ್ಯಕ್ಷರು ಕೇಳಿದರು.

"ಇಬ್ಬರಿಗೆ" ಎಂದೆ.

ಎಲ್ಲರೂ ಕುರ್ಚಿ ಸರಿಸಿ ನಿಮ್ಮ ಗೌರವಕ್ಕೆ ಎದ್ದು ನಿಂತರು, ಊರುಗೋಲಿನ ಒಬ್ಬ ಅಜ್ಜನೂ. ಒಂದು ನಿಮಿಷ ಮೌನ.

ನಾನೂ ನಿಂತೆ, ಅಪ್ಪ. ಆ ಅಜ್ಜನಿಗಾದರೂ ಕೂತುಕೊಳ್ಳಿ ಎನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ.

ನವ್ಯಾ